ಎರಡು ಪಟ್ಟಿ, ಒಬ್ಬ ಮಂಜುನಾಥ

2020ರ ಅಕ್ಟೋಬರ್ ಮೊದಲ ವಾರ ಇಂಗ್ಲೆಂಡಿನ ಕೋವಿಡ್ ಅಂಕಿಅಂಶ ಒಮ್ಮೆಲೇ ಮೇಲಕ್ಕೆ ಜಿಗಿಯಿತು. ಸೋಂಕು ಒಂದೇ ದಿನದಲ್ಲಿ ಅಷ್ಟು ಹೆಚ್ಚಿತ್ತು ಎಂದಲ್ಲ. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪಾಸಿಟಿವ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋಗಿದ್ದವು. ಅವನ್ನು ತಡವಾಗಿ ಸೇರಿಸಿದಾಗ ಅಂಕಿ ಜಿಗಿದಿತ್ತು. ಪ್ರಯೋಗಾಲಯಗಳು ಕಳಿಸುತ್ತಿದ್ದದ್ದು ಸಾದಾ ಟೆಕ್ಸ್ಟ್ ಫೈಲು. ಸಾಲಿಗೊಂದು ದಾಖಲೆ, ನಡುನಡುವೆ ಅಲ್ಪವಿರಾಮ, ನಾವು ಸಿಎಸ್‌ವಿ ಎಂದು ಕರೆಯುವಂಥದ್ದು. ಅವನ್ನು ಒಂದುಗೂಡಿಸಲು ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಬಳಸುತ್ತಿದ್ದದ್ದು ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ನಮೂನೆ. ಆ ನಮೂನೆಯ ಒಂದು ಹಾಳೆಯಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಒಬ್ಬರ ಪರೀಕ್ಷೆಯ ವಿವರಕ್ಕೇ ಹಲವು ಸಾಲು ಬೇಕಾಗುತ್ತಿದ್ದರಿಂದ ಸುಮಾರು 1,400 ಪ್ರಕರಣಕ್ಕೆ ಹಾಳೆ ಭರ್ತಿಯಾಗುತ್ತಿತ್ತು. ಆಮೇಲೆ ಬಂದ ಸಾಲುಗಳು ಸದ್ದಿಲ್ಲದೆ ಉದುರಿಹೋದವು.

ರೋಗಿಗಳಿಗೆ ಅವರವರ ವರದಿ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದಿದ್ದವರನ್ನು ಹುಡುಕುವ ಕೆಲಸ ಆ ಒಟ್ಟುಪಟ್ಟಿಯನ್ನು ನಂಬಿ ನಡೆಯುತ್ತಿತ್ತು. ಪಟ್ಟಿಯಲ್ಲಿಲ್ಲದವರ ನೆರೆಹೊರೆಯವರಿಗೆ, ಸಹೋದ್ಯೋಗಿಗಳಿಗೆ ಫೋನು ಹೋಗಲಿಲ್ಲ. ಥೀಮೋ ಫೆಟ್ಜರ್ ಮತ್ತು ಥಾಮಸ್ ಗ್ರೇಬರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದರ ಪರಿಣಾಮವನ್ನು ಅಧ್ಯಯನ ಮಾಡಿದರು. ಈ ಲೋಪದ ಜೊತೆ ಲಕ್ಷಕ್ಕೂ ಮಿಕ್ಕ ಹೆಚ್ಚುವರಿ ಸೋಂಕು, 1,500ಕ್ಕೂ ಮಿಕ್ಕ ಸಾವುಗಳು ತಳಕು ಹಾಕಿಕೊಂಡಿವೆ ಎಂಬುದು ಅವರ ಅಂದಾಜು.

ಬಂದ ಫೈಲುಗಳಲ್ಲಿ ಎಷ್ಟು ಸಾಲು, ಸೇರಿಸಿದ ಫೈಲಿನಲ್ಲಿ ಎಷ್ಟು ಸಾಲು? ಎರಡೂ ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಯುನಿಕ್ಸ್ ಮತ್ತು ಲಿನಕ್ಸ್ ಗಣಕಗಳಲ್ಲಿ ಸಾಲೆಣಿಸುವುದಕ್ಕೆಂದೇ ‘ಡಬ್ಲ್ಯುಸಿ’ ಎಂಬ ಪುಟ್ಟ ಆಜ್ಞೆಯೊಂದು 1970ರ ದಶಕದ ಆರಂಭದಿಂದಲೂ ಇದೆ. ಲಕ್ಷ ಸಾಲು ಎಣಿಸಲು ಅದಕ್ಕೆ ಕಣ್ಣುಮಿಟುಕಿಸುವಷ್ಟು ಹೊತ್ತೂ ಬೇಡ. ಎರಡು ಪಟ್ಟಿಗಳನ್ನು ತಾಳೆ ನೋಡಿ ಒಂದು ಮಾಡುವ ಕೆಲಸ ನಮ್ಮ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಸಹಕಾರ ಸಂಘಗಳಲ್ಲಿ ದಿನಬೆಳಗಾದರೆ ನಡೆಯುತ್ತದೆ. ಅದನ್ನು ಕಾಪಿ-ಪೇಸ್ಟ್ ಮಾಡಿ ಕೈಯಲ್ಲೇ ಮುಗಿಸುವುದೇ ಹೆಚ್ಚು. ಅದು ಸ್ಕ್ರಿಪ್ಟ್‌ನಲ್ಲಿ (ಅಂದರೆ ಬರೆದಿಟ್ಟ ಆಜ್ಞೆಗಳ ಸರಣಿಯಲ್ಲಿ) ಆಗಬೇಕು ಎಂದು ನಾನು ಹಟ ಹಿಡಿಯುವುದು ವೇಗಕ್ಕಾಗಿ ಅಲ್ಲ. ಯಾವ ಸಾಲನ್ನು ಯಾವುದರ ಜೊತೆ ಸೇರಿಸಿದೆವು, ಯಾವುದನ್ನು ಕೈಬಿಟ್ಟೆವು, ಯಾವ ಎರಡು ಹೆಸರನ್ನು ಒಂದೇ ಎಂದು ಬಗೆದೆವು ಎಂಬ ತೀರ್ಮಾನಗಳು ಸ್ಕ್ರಿಪ್ಟ್‌ನಲ್ಲಿ ಅಕ್ಷರರೂಪದಲ್ಲಿ ಉಳಿಯುತ್ತವೆ. ಬೇರೆಯವರು ಓದಬಹುದು, ತಪ್ಪಿದ್ದರೆ ತೋರಿಸಬಹುದು, ತಿದ್ದಿ ಮತ್ತೆ ಓಡಿಸಬಹುದು. ಕೈಯಲ್ಲಿ ಸೇರಿಸಿದ ಪಟ್ಟಿಗೆ ಇಂಥ ಸಾಕ್ಷಿ ಇರುವುದಿಲ್ಲ.

ಏಳಕ್ಕೂ ಸೊನ್ನೆಸೊನ್ನೆಏಳಕ್ಕೂ ನಡುವೆ

ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವನ್ನು ಕಲ್ಪಿಸಿಕೊಳ್ಳಿ. ಕಾರ್ಯದರ್ಶಿಯ ಬಳಿ ಸದಸ್ಯರ ಪಟ್ಟಿ ಟೈಪು ಮಾಡಿಟ್ಟದ್ದು ಇದೆ. ಹಾಲು ಅಳೆಯುವ ಯಂತ್ರದಿಂದ ತಿಂಗಳ ಲೀಟರಿನ ಲೆಕ್ಕ ಬೇರೆ ಫೈಲಿನಲ್ಲಿ ಬರುತ್ತದೆ. ಸರ್ಕಾರ ಲೀಟರಿಗೆ ಇಷ್ಟು ಎಂದು ಕೊಡುವ ಪ್ರೋತ್ಸಾಹಧನ ಸರಿಯಾದ ಖಾತೆಗೆ ಹೋಗಬೇಕಾದರೆ ಎರಡೂ ಸರಿಯಾಗಿ ಕೂಡಬೇಕು. ಸದಸ್ಯರ ಫೈಲಿನ ಮೂರು ಸಾಲು ಹೀಗಿವೆ ಎನ್ನೋಣ:

7,ಮಂಜುನಾಥ ಕೆ.
12,ಲಕ್ಷ್ಮಮ್ಮ
31,ರಂಗಸ್ವಾಮಿ ಡಿ.

ಯಂತ್ರದ ಫೈಲಿನಲ್ಲಿ:

007,214.5
031,96.0
044,120.5

ಹೀಗೆ ಎರಡು ಫೈಲುಗಳನ್ನು ಒಂದು ಸಂಖ್ಯೆಯ ಆಧಾರದ ಮೇಲೆ ಸಾಲಿಗೆ ಸಾಲು ಜೋಡಿಸಲೆಂದೇ ‘ಜಾಯಿನ್’ ಎಂಬ ಆಜ್ಞೆ ಇದೆ. ಇದ್ದದ್ದನ್ನು ಇದ್ದ ಹಾಗೇ ಅದರ ಕೈಗೆ ಕೊಟ್ಟರೆ ಬರುವ ಉತ್ತರ ಖಾಲಿ. 7 ಮತ್ತು 007 ನಮ್ಮ ಪಾಲಿಗೆ ಒಂದೇ. ಆದರೆ ಟೆಕ್ಸ್ಟ್ ಫೈಲಿನಲ್ಲಿ ಇರುವುದು ಅಂಕಿಗಳ ಬೆಲೆಯಲ್ಲ, ಅಂಕಿಗಳ ಆಕಾರ. ಒಂದು ಒಂದಕ್ಷರದ ಪದ, ಇನ್ನೊಂದು ಮೂರಕ್ಷರದ ಪದ. ಯಂತ್ರದ ಸೊನ್ನೆಗಳನ್ನು ಕಿತ್ತುಹಾಕಬಹುದು, ಇಲ್ಲವೇ ಸದಸ್ಯರ ಸಂಖ್ಯೆಗೆ ಸೊನ್ನೆ ಸೇರಿಸಬಹುದು. ನನ್ನ ಸಲಹೆ ಎರಡನೆಯದು. ಜಾಯಿನ್‌ಗೆ ಕೊಡುವ ಮುನ್ನ ಎರಡೂ ಫೈಲು ಅಕ್ಷರಕ್ರಮದಲ್ಲಿ ವಿಂಗಡಿಸಿರಬೇಕು. ಅಕ್ಷರಕ್ರಮದಲ್ಲಿ 12, 31 ಆದಮೇಲೆ 7 ಬರುತ್ತದೆ, ಏಕೆಂದರೆ ಮೊದಲು ನೋಡುವುದು ಮೊದಲ ಅಂಕಿಯನ್ನು. ಎಲ್ಲವನ್ನೂ ಮೂರಂಕಿ ಮಾಡಿದರೆ ಅಕ್ಷರಕ್ರಮವೂ ಸಂಖ್ಯಾಕ್ರಮವೂ ಒಂದೇ ಆಗುತ್ತದೆ, ತಲೆನೋವು ತಪ್ಪುತ್ತದೆ.

ಸೊನ್ನೆ ಸೇರಿಸಿ ಮತ್ತೆ ಓಡಿಸಿದರೆ ಮಂಜುನಾಥ, ರಂಗಸ್ವಾಮಿ ಇಬ್ಬರೂ ತಂತಮ್ಮ ಲೀಟರಿನೊಡನೆ ಬರುತ್ತಾರೆ. ಫೈಲು ಅಚ್ಚುಕಟ್ಟಾಗಿ ಕಾಣುತ್ತದೆ. ಅಪಾಯ ಇರುವುದೂ ಇಲ್ಲಿಯೇ. 12ನೇ ಸಂಖ್ಯೆಯ ಲಕ್ಷ್ಮಮ್ಮ ಆ ತಿಂಗಳು ಹಾಲು ಹಾಕಿಲ್ಲದಿರಬಹುದು. ಅವರ ಹಸು ಗಬ್ಬವಾಗಿ ಹಾಲು ನಿಲ್ಲಿಸಿರಬಹುದು. ಆದರೆ 044ನೇ ಸಂಖ್ಯೆಯ 120.5 ಲೀಟರ್ ಯಾರದು? ಹೊಸ ಸದಸ್ಯರೋ, ಸಂಖ್ಯೆ ಒತ್ತುವಾಗ ಕೈತಪ್ಪಿದ್ದೋ, ಸದಸ್ಯರಲ್ಲದವರ ಹಾಲೋ? ಅಷ್ಟೂ ಸಾಲುಗಳಲ್ಲಿ ಕಾರ್ಯದರ್ಶಿ ಕೂತು ವಿಚಾರಿಸಬೇಕಾದ ಸಾಲು ಇದೊಂದೇ. ಜಾಯಿನ್ ತಾನಾಗಿ ಬಿಟ್ಟುಬಿಡುವುದೂ ಇದನ್ನೇ. ಜೊತೆ ಸಿಗದ ಸಾಲುಗಳನ್ನೂ ತೋರಿಸು ಎಂದು ಪ್ರತ್ಯೇಕವಾಗಿ ಹೇಳಿದರೆ ಮಾತ್ರ ತೋರಿಸುತ್ತದೆ. ಹಾಗೆ ಹೇಳುವ ವ್ಯವಸ್ಥೆ ಅದರಲ್ಲೇ ಇದೆ. ಮೊದಲ ಫೈಲಿನ ಒಂಟಿ ಸಾಲು ಬೇರೆ, ಎರಡನೆಯದರ ಒಂಟಿ ಸಾಲು ಬೇರೆ ಎಂದೂ ಕೇಳಬಹುದು. ಹೀಗಾಗಿ ಕೂಡಿಸುವ ಪ್ರತಿಯೊಂದು ಸ್ಕ್ರಿಪ್ಟೂ ಒಂದಲ್ಲ, ಮೂರು ಫೈಲು ಬರೆಯಬೇಕು: ಕೂಡಿದ್ದು, ಈ ಕಡೆ ಉಳಿದದ್ದು, ಆ ಕಡೆ ಉಳಿದದ್ದು. ಕೂಡಿದ ಸಾಲೂ ಉಳಿದ ಸಾಲೂ ಸೇರಿ ಮೂಲದ ಸಾಲಿನ ಸಂಖ್ಯೆಗೆ ಸಮನಾಗದಿದ್ದರೆ ಅದು ಅಲ್ಲಿಯೇ ನಿಂತು ಕೂಗಬೇಕು.

ವಿಂಗಡಿಸುವ ಗೋಜೇ ಬೇಡ ಎನ್ನುವವರಿಗೆ ‘ಆಕ್’ ಇದೆ. 1977ರಲ್ಲಿ ಆಲ್ಫ್ರೆಡ್ ಆಹೊ, ಪೀಟರ್ ವೈನ್‌ಬರ್ಗರ್, ಬ್ರಯಾನ್ ಕರ್ನಿಗನ್ ಬೆಲ್ ಲ್ಯಾಬ್ಸ್‌ನಲ್ಲಿ ಕಟ್ಟಿದ ಪುಟ್ಟ ಭಾಷೆ ಅದು. ಹೆಸರೂ ಮೂವರ ಕುಲನಾಮಗಳ ಮೊದಲಕ್ಷರಗಳಿಂದ ಬಂದದ್ದು. ಮೊದಲ ಫೈಲನ್ನು ಓದುತ್ತ ಪ್ರತಿ ಸಂಖ್ಯೆಯ ಎದುರು ಹೆಸರನ್ನು ನೆನಪಿಟ್ಟುಕೋ, ಎರಡನೆಯ ಫೈಲನ್ನು ಓದುತ್ತ ಆ ಸಂಖ್ಯೆ ನೆನಪಿನಲ್ಲಿದೆಯೇ ನೋಡು, ಇದ್ದರೆ ಹೆಸರು ಲೀಟರು ಎರಡನ್ನೂ ಬರೆ, ಇಲ್ಲದಿದ್ದರೆ ಬೇರೆ ಫೈಲಿಗೆ ಹಾಕು. ಇಷ್ಟನ್ನು ಆಕ್‌ನಲ್ಲಿ ಎರಡು ಮೂರು ಸಾಲಿನಲ್ಲಿ ಹೇಳಿ ಮುಗಿಸಬಹುದು. ಈಗ ಓದುತ್ತಿರುವುದು ಮೊದಲ ಫೈಲೋ ಎರಡನೆಯದೋ ಎಂದು ತಿಳಿಯುವ ಉಪಾಯ ಸೊಗಸಾಗಿದೆ. ಒಟ್ಟು ಎಷ್ಟನೆಯ ಸಾಲು, ಈ ಫೈಲಿನ ಎಷ್ಟನೆಯ ಸಾಲು ಎಂಬ ಎರಡು ಎಣಿಕೆಗಳನ್ನು ಆಕ್ ಇಟ್ಟುಕೊಂಡಿರುತ್ತದೆ. ಎರಡೂ ಒಂದೇ ಆಗಿರುವಷ್ಟು ಹೊತ್ತು ನಾವಿರುವುದು ಮೊದಲ ಫೈಲಿನಲ್ಲಿ. ಈ ಉಪಾಯವನ್ನು ಕಲಿತವರು ಮತ್ತೆ ಮರೆಯುವುದಿಲ್ಲ.

ಕಣ್ಣಿಗೆ ಕಾಣದ ಎರಡು ಕಿರುಕುಳಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಂಡೋಸ್‌ನಲ್ಲಿ ಬರೆದ ಫೈಲಿನ ಪ್ರತಿ ಸಾಲಿನ ಕೊನೆಗೆ ಎರಡು ಅದೃಶ್ಯ ಸಂಕೇತಗಳಿರುತ್ತವೆ, ಲಿನಕ್ಸ್ ಬರೆಯುವುದು ಒಂದನ್ನೇ. ಹಾಗಾಗಿ ಸಾಲಿನ ಕಟ್ಟಕಡೆಯ ಕಲಮನ್ನು ಹೋಲಿಸಿದಾಗ ಒಂದೂ ಹೊಂದುವುದಿಲ್ಲ. ಇನ್ನೊಂದು, ಕೆಲವು ಪ್ರೋಗ್ರಾಮುಗಳು ಫೈಲಿನ ತೀರಾ ಆರಂಭದಲ್ಲಿ ಇದು ಯೂನಿಕೋಡ್ ಎಂದು ಸೂಚಿಸುವ ಗುರುತನ್ನು ಇಡುತ್ತವೆ. ಆ ಗುರುತು ಮೊದಲ ಸಾಲಿನ ಸಂಖ್ಯೆಗೆ ಅಂಟಿಕೊಳ್ಳುತ್ತದೆ. ಮಿಕ್ಕವರೆಲ್ಲ ಹೊಂದುತ್ತಾರೆ, ಮೊದಲ ಸದಸ್ಯರೊಬ್ಬರು ಮಾತ್ರ ಯಾವ ತಿಂಗಳೂ ಹೊಂದುವುದಿಲ್ಲ.

ಮರ್ರೆ ಹಿಲ್‌ನಲ್ಲಿ ಹುಟ್ಟಿದ ‘ಡಿಫ್’

ಎರಡು ಫೈಲುಗಳಲ್ಲಿ ಎಲ್ಲಿ ವ್ಯತ್ಯಾಸ ಎಂದು ತೋರಿಸುವ ‘ಡಿಫ್’ 1974ರಲ್ಲಿ ಯುನಿಕ್ಸ್‌ನ ಐದನೇ ಆವೃತ್ತಿಯ ಜೊತೆ ಹೊರಬಂತು. ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್ರಾಯ್ ಅದನ್ನು ಬರೆದರು. ಅದರ ಹಿಂದಿನ ಗಣಿತವನ್ನು ಜೇಮ್ಸ್ ಹಂಟ್ ಜೊತೆ ಸೇರಿ 1976ರ ವರದಿಯೊಂದರಲ್ಲಿ ವಿವರಿಸಿದರು. ಒಂದು ಆಜ್ಞೆಯ ಫಲವನ್ನು ಇನ್ನೊಂದರ ಬಾಯಿಗೆ ನೇರವಾಗಿ ಹರಿಸುವ ‘ಪೈಪ್’ ಕೂಡ ಇದೇ ಮೆಕಿಲ್ರಾಯ್ ವರ್ಷಗಟ್ಟಲೆ ಬೆನ್ನುಹತ್ತಿದ್ದ ಕಲ್ಪನೆ. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ಸೇರಿಸಿದರು. ಜೋಡಿಸು, ಕೂಡಿಸು, ಎಣಿಸು ಎಂಬ ಬಿಡಿಬಿಡಿ ಆಜ್ಞೆಗಳನ್ನು ಪೋಣಿಸಿ ಒಂದು ಸಾಲಿನ ಸ್ಕ್ರಿಪ್ಟ್ ಮಾಡಲು ಸಾಧ್ಯವಾದದ್ದು ಆ ಪೈಪ್‌ನಿಂದ.

ಡಿಫ್ ಮಾಡುವ ಕೆಲಸ ಮೇಲ್ನೋಟಕ್ಕೆ ಸಲೀಸು. ಮೊದಲ ಸಾಲಿಗೆ ಮೊದಲ ಸಾಲು, ಎರಡನೆಯದಕ್ಕೆ ಎರಡನೆಯದು ಎಂದು ನೋಡುತ್ತ ಹೋದರಾಯಿತಲ್ಲ? ಆದರೆ ಒಂದು ಫೈಲಿನ ಮೂರನೆಯ ಜಾಗದಲ್ಲಿ ಹೊಸದೊಂದು ಸಾಲು ನುಗ್ಗಿದರೆ ಅಲ್ಲಿಂದಾಚೆಗೆ ಪ್ರತಿ ಸಾಲೂ ಒಂದೊಂದು ಮನೆ ಕೆಳಗಿಳಿದು ಎಲ್ಲವೂ ಬೇರೆ ಎಂದೇ ತೋರುತ್ತದೆ. ಹಾಗಾಗಿ ಡಿಫ್ ಕೇಳಿಕೊಳ್ಳುವ ಪ್ರಶ್ನೆ ಬೇರೆ: ಎರಡರಲ್ಲೂ ಅದೇ ಕ್ರಮದಲ್ಲಿ ಬರುವ ಸಾಲುಗಳ ಅತಿ ಉದ್ದದ ಸರಣಿ ಯಾವುದು? ಆ ಸರಣಿ ಸಿಕ್ಕಿಬಿಟ್ಟರೆ ಅದರ ಹೊರಗಿರುವುದಷ್ಟೇ ವ್ಯತ್ಯಾಸ. ಇದನ್ನು ನೇರ ದಾರಿಯಲ್ಲಿ ಹುಡುಕಿದರೆ 10,000 ಸಾಲಿನ ಎರಡು ಫೈಲಿಗೆ 10 ಕೋಟಿ ಮನೆಗಳ ಕೋಷ್ಟಕ ಬೇಕು. ಆಗಿನ ಪಿಡಿಪಿ-11 ಗಣಕದಲ್ಲಿ ಒಂದು ಪ್ರೋಗ್ರಾಮ್ ಒಮ್ಮೆಗೆ ನೇರವಾಗಿ ಮುಟ್ಟಬಹುದಾದ ನೆನಪು 64 ಕಿಲೋಬೈಟ್. ಹಂಟ್ ಮತ್ತು ಮೆಕಿಲ್ರಾಯ್ ಪ್ರತಿ ಸಾಲನ್ನೂ ಒಂದು ಸಂಖ್ಯೆಗೆ ಇಳಿಸಿ, ಹೊಂದುವ ಸಾಲುಗಳ ಜೋಡಿಗಳನ್ನಷ್ಟೇ ಹಿಡಿದು, ಆ ಇಕ್ಕಟ್ಟಿನಲ್ಲೇ ಕೆಲಸ ಸಾಧಿಸಿದರು. 1986ರಲ್ಲಿ ಯೂಜೀನ್ ಮೈಯರ್ಸ್ ಇನ್ನೂ ಚುರುಕಾದ ದಾರಿ ತೋರಿದರು: ವ್ಯತ್ಯಾಸ ಕಡಿಮೆಯಿದ್ದಷ್ಟೂ ಉತ್ತರ ಬೇಗ. ಇವತ್ತು ಪ್ರೋಗ್ರಾಮರುಗಳು ಬದಲಾವಣೆಗಳ ಲೆಕ್ಕ ಇಡಲು ಬಳಸುವ ಗಿಟ್ ಮಾಮೂಲಾಗಿ ಹಿಡಿಯುವುದು ಮೈಯರ್ಸ್ ದಾರಿಯನ್ನೇ.

ಡಿಫ್‌ಗೆ ಕಾಣುವುದು ಸಾಲು ಮಾತ್ರ. ಮೇಲಿನ ಸಾಲನ್ನು ಕೆಳಕ್ಕೆ ಸರಿಸಿದರೆ ಅದು ಇಲ್ಲಿ ಅಳಿಸಿದೆ, ಅಲ್ಲಿ ಸೇರಿದೆ ಎಂದೇ ಹೇಳುತ್ತದೆ. ಹೆಸರುಗಳ ಪಟ್ಟಿಯಲ್ಲಿ ಕ್ರಮಕ್ಕೆ ಬೆಲೆಯಿಲ್ಲವಾದ್ದರಿಂದ ಎರಡನ್ನೂ ಮೊದಲು ವಿಂಗಡಿಸಿ ಆಮೇಲೆ ‘ಕಾಮ್’ ಆಜ್ಞೆಗೆ ಕೊಡುವುದೇ ಸರಿ. ಅದು ಮೂರು ಕಲಮಿನ ಉತ್ತರ ಕೊಡುತ್ತದೆ: ಇದರಲ್ಲಿ ಮಾತ್ರ ಇರುವುದು, ಅದರಲ್ಲಿ ಮಾತ್ರ ಇರುವುದು, ಎರಡರಲ್ಲೂ ಇರುವುದು.

ಕನ್ನಡದ ಸಾಲು ಕನ್ನಡದಂತೆ ಇದೆಯೇ

ಈ ಸಲಕರಣೆಗಳಿಗೆ ಕನ್ನಡದ ಫೈಲು ಕೊಟ್ಟಾಗ ಏನಾಗುತ್ತದೆ ಎಂಬುದನ್ನು ಇಂಗ್ಲಿಷಿನ ಪುಸ್ತಕಗಳು ಹೇಳುವುದಿಲ್ಲ. ನಮ್ಮ ಕೆಲಸದ ಮುಕ್ಕಾಲು ಪಾಲು ಇರುವುದು ಇಲ್ಲಿಯೇ.

‘ಕೋಲಾರ’ ಎಂದು ಬರೆದದ್ದನ್ನು ನೋಡಿ. ಇದರ ‘ಕೋ’ವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಕಟ್ಟಬಹುದು. ಕ ಅಕ್ಷರದ ಮುಂದೆ ಓತ್ವದ ಒಂದೇ ಚಿಹ್ನೆ ಇಡಬಹುದು. ಇಲ್ಲವೇ ಎತ್ವ, ಕೊಂಬಿನ ದೀರ್ಘ, ಕೊನೆಗೊಂದು ದೀರ್ಘ ಎಂದು ಮೂರು ಚಿಹ್ನೆಗಳನ್ನು ಒಂದರ ಹಿಂದೊಂದು ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ‘ಕೋಲಾರ’. ಕನ್ನಡದ ಪ್ರತಿ ಚಿಹ್ನೆಗೂ ಯೂನಿಕೋಡನ್ನು ಫೈಲಿಗೆ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟು ಬೇಕು. ಮೊದಲನೆಯ ಕೋಲಾರ 15 ಬೈಟು, ಎರಡನೆಯ ಕೋಲಾರ 21 ಬೈಟು. ಡಿಫ್ ನೋಡುವುದು ಬೈಟನ್ನಾದ್ದರಿಂದ ಎರಡೂ ಬೇರೆ ಊರು ಎಂದು ಅದು ಸಾಧಿಸುತ್ತದೆ. ಇದಕ್ಕೆ ಪರಿಹಾರ ಸಿದ್ಧವಿದೆ. ಒಡೆದ ರೂಪವನ್ನು ಕೂಡಿದ ರೂಪಕ್ಕೆ ತರುವ ನಿಯಮಗಳನ್ನು ಯೂನಿಕೋಡ್ ಒಕ್ಕೂಟವೇ ಬರೆದಿಟ್ಟಿದೆ, ಪೈಥಾನ್ ಭಾಷೆಯ ಒಂದು ಸಾಲಿನಲ್ಲಿ ಅದನ್ನು ಕರೆಯಬಹುದು.

ಆ ನಿಯಮಗಳಿಗೆ ನಿಲುಕದ್ದು ಸೊನ್ನೆ. ಹಳೆಯ ಫಾಂಟುಗಳಿಂದ ಪರಿವರ್ತನೆಯಾಗಿ ಬಂದ ಫೈಲುಗಳಲ್ಲಿ ‘ಮಂಜುನಾಥ’ ಬದಲು ‘ಮ೦ಜುನಾಥ’ ಎಂದಿರುವುದು ಸರ್ವೇಸಾಮಾನ್ಯ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡ ಅಂಕಿಯ ಸೊನ್ನೆ. ಬಹುತೇಕ ಫಾಂಟುಗಳಲ್ಲಿ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಎರಡಕ್ಕೂ ಏಳೇ ಚಿಹ್ನೆ, 21 ಬೈಟು, ಎಣಿಕೆಯಲ್ಲೂ ಸಿಕ್ಕಿಬೀಳದು. ಯೂನಿಕೋಡ್ ಪ್ರಕಾರ ಸೊನ್ನೆ ಸೊನ್ನೆಯೇ, ಅನುಸ್ವಾರ ಅನುಸ್ವಾರವೇ. ನಾವೇ ನಿಯಮ ಬರೆಯಬೇಕು: ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಅನುಸ್ವಾರ ಮಾಡು, ಅಂಕಿಯ ಬೆನ್ನಿಗೆ ಬಂದದ್ದನ್ನು ಮುಟ್ಟಬೇಡ. ಇಲ್ಲದಿದ್ದರೆ ‘೧೦’ ಎಂಬುದು ಹತ್ತಾಗಿ ಉಳಿಯುವುದಿಲ್ಲ.

ಇನ್ನೊಂದು, ಅಗಲವೇ ಇಲ್ಲದ ಸಂಕೇತ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಕೆಳಗೆ ಕ ಒತ್ತಾಗಿ ಕೂರದಂತೆ ತಡೆಯಲು ನಡುವೆ ಒಂದು ಅದೃಶ್ಯ ಸಂಕೇತ ಇಡುತ್ತೇವೆ. ಅಲ್ಲಿ ಅದು ಬೇಕು. ಆದರೆ ಪರಿವರ್ತಕಗಳು, ಕೆಲವು ಕೀಲಿಮಣೆಗಳು ಅದನ್ನು ‘ಮಂಜುನಾಥ್’ ಎಂಬ ಪದದ ಕೊನೆಗೂ ಅಂಟಿಸಿಬಿಡುತ್ತವೆ. ಅಲ್ಲಿ ಅದಕ್ಕೆ ಕೆಲಸವಿಲ್ಲ, ಕಾಣುವುದೂ ಇಲ್ಲ, ತಾಳೆ ಮಾತ್ರ ತಪ್ಪಿಸುತ್ತದೆ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದ ಫೈಲುಗಳ ಕಥೆ ಇದಕ್ಕಿಂತ ಹಿಂದಿನದು. ಅವುಗಳ ಒಳಗೆ ಕನ್ನಡವೇ ಇರುವುದಿಲ್ಲ. ರೋಮನ್ ಅಕ್ಷರ, ಚಿಹ್ನೆಗಳಿದ್ದು ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಅವನ್ನು ಮೊದಲು ಯೂನಿಕೋಡ್‌ಗೆ ತರದೆ ತಾಳೆಯ ಮಾತೇ ಇಲ್ಲ.

ಇನ್ನು ಕ್ರಮ. ನಾವು ಶಾಲೆಯಲ್ಲಿ ಕಲಿತದ್ದು ಯ ರ ಲ ವ ಶ ಷ ಸ ಹ ಳ. ಯೂನಿಕೋಡ್‌ನ ಕನ್ನಡ ವಿಭಾಗದಲ್ಲಿ ಳ ಬರುವುದು ಲದ ಬೆನ್ನಿಗೆ, ವಕ್ಕಿಂತ ಮೊದಲು. ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಹಾಕಿದ್ದ ಇಸ್ಕಿಯಿಂದ ಬಂದ ಜೋಡಣೆ ಅದು. ಆದ್ದರಿಂದ ಬೈಟಿನ ಕ್ರಮದಲ್ಲಿ ವಿಂಗಡಿಸಿದರೆ ಒಂದು ಕ್ರಮ, ಕನ್ನಡದ ಭಾಷಾ ಸೆಟ್ಟಿಂಗಿನಲ್ಲಿ ವಿಂಗಡಿಸಿದರೆ ಇನ್ನೊಂದು ಕ್ರಮ ಬರುತ್ತದೆ. ಒಂದು ಫೈಲನ್ನು ಹಾಗೆ, ಇನ್ನೊಂದನ್ನು ಹೀಗೆ ವಿಂಗಡಿಸಿ ಕಾಮ್‌ಗೆ ಕೊಟ್ಟರೆ ಎರಡರಲ್ಲೂ ಇರುವ ಹೆಸರುಗಳೂ ಕಾಣೆಯಾಗುತ್ತವೆ. ತಾಳೆಗೆ ಬೈಟಿನ ಕ್ರಮವೇ ಇರಲಿ. ಓದುಗರ ಕೈಗೆ ಕೊಡುವ ಪಟ್ಟಿಗೆ ಮಾತ್ರ ವರ್ಣಮಾಲೆಯ ಕ್ರಮ ಕೊಡಿ.

ಈ ಎಲ್ಲ ತಿದ್ದುಪಡಿಗಳಿಗೂ ನಾನು ಬಿಡದೆ ಪಾಲಿಸುವ ಒಂದು ಶಿಸ್ತಿದೆ. ಮೂಲ ಹೆಸರನ್ನು ಎಂದೂ ತಿದ್ದುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಕಲಮು ಮಾಡಿ ಅದರಲ್ಲಿ ಸ್ವಚ್ಛ ಮಾಡಿದ ಪ್ರತಿ ಇಡುತ್ತೇನೆ. ತಾಳೆ ನೋಡುವುದು ಆ ಪ್ರತಿಯನ್ನು, ಅಚ್ಚಿಗೆ ಹೋಗುವುದು ಮೂಲ. ಒಬ್ಬರು ತಮ್ಮ ಹೆಸರನ್ನು ಹೇಗೆ ಬರೆದುಕೊಳ್ಳುತ್ತಾರೋ ಹಾಗೆ ಉಳಿಸುವುದು ಅವರಿಗೆ ಸಲ್ಲಬೇಕಾದ ಗೌರವ. ಬ್ರಯಾನ್ ಕರ್ನಿಗನ್ 2022ರಲ್ಲಿ, ತಮ್ಮ 80ನೇ ವಯಸ್ಸಿನಲ್ಲಿ, ಮೂಲ ಆಕ್‌ಗೆ ಯೂನಿಕೋಡ್ ಬೆಂಬಲ ಸೇರಿಸಿದರು ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಅದಕ್ಕೆ ಮುನ್ನ ಆ ಆಕ್‌ಗೆ ‘ಮಂಜುನಾಥ’ ಎಷ್ಟು ಉದ್ದ ಎಂದು ಕೇಳಿದರೆ 21 ಎನ್ನುತ್ತಿತ್ತು, ಈಗ 7 ಎನ್ನುತ್ತದೆ.

ಜೂನ್ 1ರಂದು ಹುಟ್ಟಿದವರು

ಬೈಟುಗಳೆಲ್ಲ ಸರಿಹೋದ ಮೇಲೆ ಉಳಿಯುವುದು ಮನುಷ್ಯರ ಪ್ರಶ್ನೆ. ಈ ಪಟ್ಟಿಯ ಮಂಜುನಾಥ, ಆ ಪಟ್ಟಿಯ ಮಂಜುನಾಥ ಒಬ್ಬರೇ?

ಅಮೆರಿಕದ ಕ್ಯಾನ್ಸಸ್ ರಾಜ್ಯ 2005ರಲ್ಲಿ ‘ಕ್ರಾಸ್‌ಚೆಕ್’ ಎಂಬ ವ್ಯವಸ್ಥೆ ಶುರುಮಾಡಿತು. ಹಲವು ರಾಜ್ಯಗಳ ಮತದಾರರ ಪಟ್ಟಿಗಳನ್ನು ತರಿಸಿ, ಹೆಸರು, ಕುಲನಾಮ, ಹುಟ್ಟಿದ ದಿನ ಮೂರೂ ಒಂದೇ ಇದ್ದವರನ್ನು ಎರಡು ಕಡೆ ಹೆಸರಿರುವವರು ಎಂದು ಗುರುತಿಸಿ ರಾಜ್ಯಗಳಿಗೆ ಕಳಿಸುವುದು ಅದರ ಕೆಲಸ. ಮೂರೂ ಒಂದೇ ಎಂದಮೇಲೆ ಒಬ್ಬರೇ ಇರಬೇಕು ಎನ್ನಿಸುತ್ತದೆ. ಆದರೆ ಕೋಟಿಗಟ್ಟಲೆ ಜನರ ಪಟ್ಟಿಯಲ್ಲಿ ಒಂದೇ ಹೆಸರಿನ, ಒಂದೇ ದಿನ ಹುಟ್ಟಿದ ಬೇರೆಬೇರೆ ಜನ ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಇರುತ್ತಾರೆ. ಶರದ್ ಗೋಯಲ್ ಮತ್ತು ಸಹ ಸಂಶೋಧಕರು ಇದನ್ನು ಲೆಕ್ಕಹಾಕಿ 2020ರಲ್ಲಿ ಪ್ರಕಟಿಸಿದರು. ಆ ಯೋಜನೆ ಸೂಚಿಸಿದ್ದ ಒಂದು ವಿಧಾನದಂತೆ ಹೆಸರು ಕಿತ್ತುಹಾಕಿದರೆ, ಒಂದು ದುಪ್ಪಟ್ಟು ಮತ ತಡೆಯಲು ಹೋಗಿ ಸುಮಾರು 300 ನ್ಯಾಯವಾದ ಮತಗಳಿಗೆ ಅಡ್ಡಿಯಾಗುತ್ತದೆ ಎಂದು ಅವರಿಗೆ ಕಂಡಿತು. ನ್ಯಾಯಾಲಯದಲ್ಲಿ ದಾವೆ ಬಿದ್ದು 2019ರ ಹೊತ್ತಿಗೆ ಕ್ರಾಸ್‌ಚೆಕ್ ನಿಂತಿತ್ತು.

ಹುಟ್ಟಿದ ದಿನವೇ ಗಟ್ಟಿ ಆಧಾರ ಎನ್ನುವವರು ಕರ್ನಾಟಕದ ಹಳ್ಳಿಗಳ ದಾಖಲೆಗಳನ್ನು ತೆರೆದು ನೋಡಬೇಕು. ಹಿಂದೆ ಮಗುವನ್ನು ಶಾಲೆಗೆ ಸೇರಿಸಲು ಬಂದ ಅಪ್ಪ-ಅಮ್ಮನಿಗೆ ಹುಟ್ಟಿದ ತಾರೀಕು ಗೊತ್ತಿರುತ್ತಿರಲಿಲ್ಲ. ಶಾಲೆ ತೆರೆಯುವ ಕಾಲಕ್ಕೆ ವಯಸ್ಸು ಸರಿಹೊಂದುವಂತೆ ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಇವತ್ತು 50-60 ದಾಟಿದವರಲ್ಲಿ ಎಷ್ಟೋ ಜನರ ಅಧಿಕೃತ ಹುಟ್ಟುಹಬ್ಬ ಅದೇ ದಿನ. 01-06-1968ರ ಮಂಜುನಾಥರನ್ನು ಒಂದು ತಾಲ್ಲೂಕಿನಲ್ಲೇ ಹುಡುಕಿದರೂ ಹಲವರು ಸಿಕ್ಕಾರು. ಇನಿಷಿಯಲ್ ಇದೆಯಲ್ಲ ಎನ್ನಬಹುದು. ಒಂದು ಕಡೆ ‘ಕೆ. ಆರ್. ಮಂಜುನಾಥ’, ಇನ್ನೊಂದು ಕಡೆ ‘ಮಂಜುನಾಥ ಕೆ ಆರ್’, ಆಧಾರ್‌ನಲ್ಲಿ ‘ಮಂಜುನಾಥ ರಂಗಪ್ಪ’. ಮೊದಲ ಅಕ್ಷರ ಊರಿನದೋ ತಾತನದೋ ಮನೆತನದ್ದೋ ಎಂಬುದು ಒಬ್ಬೊಬ್ಬರಿಗೆ ಒಂದೊಂದು.

ಹೆಸರಿನ ಬದಲು ಸಂಖ್ಯೆಯನ್ನೇ ನಂಬೋಣ ಎಂದರೆ ಆ ಸಂಖ್ಯೆ ಒಬ್ಬರಿಗೆ ಮಾತ್ರ ಸೇರಿದ್ದೇ ಎಂದು ಮೊದಲು ನೋಡಬೇಕು. 2025ರ ಮಾರ್ಚ್‌ನಲ್ಲಿ ಭಾರತದ ಚುನಾವಣಾ ಆಯೋಗವೇ ಹೇಳಿದಂತೆ, ಬೇರೆಬೇರೆ ರಾಜ್ಯಗಳ ಕೆಲವು ಮತದಾರರಿಗೆ ಒಂದೇ ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ ಸಿಕ್ಕಿತ್ತು. ಎಲ್ಲ ರಾಜ್ಯಗಳ ಪಟ್ಟಿಯೂ ಒಂದೇ ವೇದಿಕೆಗೆ ಬರುವ ಮುನ್ನ ಪ್ರತ್ಯೇಕವಾಗಿ, ಕೈಯಿಂದ ಸಂಖ್ಯೆ ಕೊಡುತ್ತಿದ್ದದ್ದು ಅದಕ್ಕೆ ಕಾರಣ. ಸಂಖ್ಯೆ ಒಂದೇ ಆದರೂ ಅವರು ನಕಲಿ ಮತದಾರರಲ್ಲ ಎಂದು ಆಯೋಗ ಸ್ಪಷ್ಟಪಡಿಸಿತು. ಹೀಗಾಗಿ ನನ್ನ ಸ್ಕ್ರಿಪ್ಟುಗಳ ಮೊದಲ ಹೆಜ್ಜೆ ಯಾವಾಗಲೂ ಅದೇ: ಆಧಾರಕ್ಕೆ ಹಿಡಿದ ಕಲಮಿನಲ್ಲಿ ಎರಡು ಸಲ ಬಂದದ್ದು ಏನಾದರೂ ಇದೆಯೇ?

ಹೆಸರುಗಳ ಹತ್ತಿರ-ದೂರವನ್ನು ಅಳೆಯುವ ಗಣಿತವೂ ಇದೆ. 1965ರಲ್ಲಿ ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ತೈನ್ ಪ್ರಕಟಿಸಿದ ಅಳತೆ ಅದು: ಒಂದು ಪದವನ್ನು ಇನ್ನೊಂದು ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು? ರಾಮಣ್ಣ ರಾಜಣ್ಣ ಆಗಲು ಒಂದೇ ಬದಲಾವಣೆ ಸಾಕು, ಅವರಿಬ್ಬರೂ ಅಣ್ಣತಮ್ಮಂದಿರಿರಬಹುದು. ಲಕ್ಷ್ಮೀದೇವಿ ಲಕ್ಷ್ಮಿದೇವಮ್ಮ ಆಗಲು ನಾಲ್ಕು ಬೇಕು. ಊರಲ್ಲಿ ಕೇಳಿದರೆ ಇಬ್ಬರೂ ಒಬ್ಬರೇ. ಆದ್ದರಿಂದ ಈ ಅಳತೆಯನ್ನು ತೀರ್ಪು ಕೊಡಲು ಬಳಸಬಾರದು. ಹತ್ತಿರದ ಜೋಡಿಗಳನ್ನು ಹೆಕ್ಕಿ, ಗೊತ್ತಿರುವವರ ಮುಂದೆ ಇಡುವುದಕ್ಕಷ್ಟೇ ಅದು ಇರಲಿ. ಸಂಘದ ಕಾರ್ಯದರ್ಶಿ, ಅಂಗನವಾಡಿ ಕಾರ್ಯಕರ್ತೆ, ಹಳೆಯ ಪೋಸ್ಟ್‌ಮ್ಯಾನ್ ಐದು ನಿಮಿಷದಲ್ಲಿ ಹೇಳುವುದನ್ನು ಯಾವ ಸೂತ್ರವೂ ಹೇಳದು.

ಇಬ್ಬರೂ ತಿದ್ದಿದಾಗ

ಕೂಡಿಸುವುದರಲ್ಲಿ ಇನ್ನೊಂದು ಬಗೆ ಇದೆ. ಒಂದೇ ಪಟ್ಟಿಯ ಎರಡು ಪ್ರತಿ ಇಬ್ಬರ ಕೈಗೆ ಹೋಗಿ, ಇಬ್ಬರೂ ತಿದ್ದಿ ತಂದರೆ? ಒಂದರಲ್ಲಿ ಫೋನ್ ಸಂಖ್ಯೆ ಬೇರೆ, ಇನ್ನೊಂದರಲ್ಲಿ ಬೇರೆ. ಎರಡನ್ನೇ ನೋಡಿದರೆ ಯಾರು ಬದಲಿಸಿದ್ದು, ಯಾರು ಹಳೆಯದನ್ನೇ ಉಳಿಸಿದ್ದು ಎಂದು ಹೇಳಲಾಗದು. ತಿದ್ದುವ ಮುನ್ನ ಇದ್ದ ಮೂಲಪ್ರತಿ ಪಕ್ಕದಲ್ಲಿದ್ದರೆ ಹೇಳಬಹುದು. ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ‘ಡಿಫ್3’ 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲೇ ಇತ್ತು. ಒಬ್ಬರೇ ಬದಲಿಸಿದ್ದರೆ ಬದಲಾವಣೆ ಗೆಲ್ಲುತ್ತದೆ. ಇಬ್ಬರೂ ಒಂದೇ ಸಾಲನ್ನು ಬೇರೆಬೇರೆಯಾಗಿ ತಿದ್ದಿದ್ದರೆ ತಾನು ತೀರ್ಮಾನಿಸದೆ ಅಲ್ಲೇ ಗುರುತು ಹಾಕಿ ನಿಲ್ಲುತ್ತದೆ. 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್‌ಗಾಗಿ ಬರೆದ ಗಿಟ್ ಕೂಡ ಇದನ್ನೇ ಮಾಡುತ್ತದೆ. ಗೊತ್ತಿಲ್ಲದಲ್ಲಿ ನಿಲ್ಲುವ ಈ ಗುಣ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆಮೇಲೆ ಸೇವ್ ಮಾಡಿದವರದೇ ಉಳಿಯುವ ಹಂಚಿಕೊಂಡ ಹಾಳೆಗಳಲ್ಲಿ ಅದು ಇಲ್ಲ.

ಇದರ ಹಿರಿಯ ಪರಂಪರೆ ನಮ್ಮ ನೆರೆಯಲ್ಲೇ ಇದೆ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ 1919ರಲ್ಲಿ ಮಹಾಭಾರತದ ಸಂಪಾದನೆ ಕೈಗೊಂಡು 1966ರಲ್ಲಿ ಮುಗಿಸಿತು. ವಿ. ಎಸ್. ಸುಕ್ಠಣಕರ್ ಮತ್ತು ಅವರ ನಂತರದವರು ಪರಿಶೀಲಿಸಿದ್ದು 1,259 ಹಸ್ತಪ್ರತಿಗಳನ್ನು. ಒಂದು ಪಾಠವನ್ನು ಮೇಲೆ ಇಟ್ಟರು, ಆದರೆ ಒಪ್ಪದ ಪಾಠಾಂತರಗಳನ್ನು ಎಸೆಯಲಿಲ್ಲ. ಯಾವ ಪ್ರತಿಯಲ್ಲಿ ಏನಿದೆ ಎಂದು ಪುಟದ ಅಡಿಯಲ್ಲಿ ಅಚ್ಚುಹಾಕಿದರು. ಸಂಪಾದಕರ ಆಯ್ಕೆಯನ್ನು ಒಪ್ಪದವರು ಅದೇ ಪುಟದಿಂದ ಬೇರೆ ತೀರ್ಮಾನಕ್ಕೆ ಬರಬಹುದು.

ಸಾರ್ವಜನಿಕರ ಹಣ, ಹಕ್ಕು ಎರಡಕ್ಕೂ ಸಂಬಂಧಿಸಿದ ಪಟ್ಟಿಗಳನ್ನು ಕೂಡಿಸುವಾಗ ನಾವು ಕೇಳಬೇಕಾದ್ದೂ ಇಷ್ಟೇ. ಪಡಿತರ, ಪಿಂಚಣಿ, ಬೆಳೆ ಪರಿಹಾರ ಯಾವುದೇ ಇರಲಿ, ಅಂತಿಮ ಪಟ್ಟಿಯ ಜೊತೆಗೆ ಅದನ್ನು ಕೂಡಿಸಿದ ಸ್ಕ್ರಿಪ್ಟನ್ನೂ ಇಲಾಖೆಗಳು ಪ್ರಕಟಿಸಲಿ. ಅದರಲ್ಲಿ ಯಾರ ಖಾಸಗಿ ವಿವರವೂ ಇರುವುದಿಲ್ಲ, ನಿಯಮಗಳಷ್ಟೇ ಇರುತ್ತವೆ. ಯಾವ ಕಲಮನ್ನು ಆಧಾರ ಮಾಡಿಕೊಂಡರು, ಸೊನ್ನೆ-ಅನುಸ್ವಾರ ಸರಿಪಡಿಸಿದರೇ, ಹೆಸರು ಎಷ್ಟು ಹೊಂದಿದರೆ ಹೊಂದಿತೆಂದು ಬಗೆದರು ಎಂಬುದು ತಿಳಿದವರ ಕಣ್ಣಿಗೆ ಬೀಳುತ್ತದೆ. ಬಂದ ಸಾಲೆಷ್ಟು, ಕೂಡಿದ್ದೆಷ್ಟು, ಉಳಿದದ್ದೆಷ್ಟು ಎಂಬ ಮೂರು ಸಂಖ್ಯೆ ಪಟ್ಟಿಯ ತಲೆಯ ಮೇಲೆಯೇ ಇರಲಿ. ಉಳಿದ ಸಾಲುಗಳು ಆಯಾ ಪಂಚಾಯಿತಿಗೆ ವಾಪಸು ಹೋಗಲಿ. ಹೆಸರು ಬಿಟ್ಟುಹೋದ ಮಂಜುನಾಥ ಅಲ್ಲಿಗೆ ಬಂದು ಕೇಳಿದಾಗ, ಯಾವ ನಿಯಮದಿಂದ ತನ್ನ ಸಾಲು ಹೊರಗುಳಿಯಿತು ಎಂದು ತೋರಿಸಬಲ್ಲ ಒಂದು ಕಾಗದ ಗುಮಾಸ್ತರ ಕೈಯಲ್ಲಿರಬೇಕು.